ಎಪ್ಪತ್ತನೇ ಅಕ್ಷರದ ಆಚೆ

"ಹೆಲ್ಮೆಟ್ ಇಲ್ಲೇ ಬಿಟ್ಟಿದ್ದೆ. ತಗೊಂಡು ಹೋಗೋಕೆ ಬಂದೆ."

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕೈಯಲ್ಲಿದ್ದ ಲೋಟ ತುಳುಕಿ ಕೀಬೋರ್ಡಿನ ಮೇಲೆ ನಾಲ್ಕು ಹನಿ ನೀರು ಬಿತ್ತು. ಎರಡು ತಿಂಗಳಾಗಿತ್ತು ಆ ದನಿ ಕೇಳಿ. ಆದರೂ ಮುಖ ಮಾತ್ರ ಪರದೆಯಿಂದ ಅತ್ತಿತ್ತ ಸರಿಯಲಿಲ್ಲ.

"ಕಪಾಟಿನ ಮೇಲಿದೆ. ತಗೊಳ್ಳಿ."

ತಗೊಳ್ಳಿ! ಒಂದು ಕಾಲಕ್ಕೆ 'ಲೋ' ಬಿಟ್ಟು ಬೇರೆ ಕರೆದು ಗೊತ್ತಿಲ್ಲದ ಬಾಯಿ ಅದು. ಅವನ ಮುಖ ಸಪ್ಪಗಾಯಿತು.

"ಮೂರನೇ ಲಿಫ್ಟಿನ ಬ್ರೇಕ್ ಪರೀಕ್ಷೆ ಎಷ್ಟು ಹೊತ್ತಿಗೆ?" ಅವನೂ ಬಹುವಚನಕ್ಕೆ ಇಳಿದ. "ಮುಗಿದ ಮೇಲೆ ನಾನೂ ಮೇಸ್ತ್ರಿಯೂ ಲಿಫ್ಟಿನ ಮೇಲೆ ಹತ್ತಿ ಹಗ್ಗ ನೋಡ್ಬೇಕು. ನಿಮಗೆ ಗೊತ್ತಿರುತ್ತೆ ಅಂತ..."

"ಸರದಿ ಬಂದಾಗ ತಾನಾಗೇ ಶುರುವಾಗುತ್ತೆ. ಮೆಸೇಜ್ ಬರುತ್ತೆ, ನೋಡ್ಕೊಂಡು ಹತ್ತಿ."

"ಈ ಸಲ ಕನ್ನಡದಲ್ಲಿ ಬರುತ್ತಂತೆ? ನೀವೇ ಬರೆದದ್ದು?"

"ಹೂಂ."

"ಹಾಗಾದ್ರೆ ತಪ್ಪಿರಲ್ಲ ಬಿಡಿ," ಅಂದವನೇ ಹೊರಟುಹೋದ.

ನೋಡ್ಕೊಂಡು ಹತ್ತಿ... ಈ ಮಾತು ಇನ್ನೊಂದು ಗಂಟೆಯೊಳಗೆ ತನ್ನನ್ನೇ ಸುಡುತ್ತೆ ಅಂತ ಪಾಪ ಅವಳಿಗೆ ಹೇಗೆ ಗೊತ್ತಾಗಬೇಕು?

ಅವರದು ಲಿಫ್ಟ್ ಓಡಿಸುವ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿ. ಅವಳ ಕೆಲಸ ಬೇರೆಯವರ ತಪ್ಪು ಹುಡುಕುವುದು. ಯಾರೋ ಇಡೀ ವಾರ ಕೂತು ಬರೆದ ಕೋಡನ್ನು ಒಂದು ಅಲ್ಪವಿರಾಮಕ್ಕಾಗಿ ವಾಪಸ್ ಕಳಿಸಿದ್ದಳು. ಅವತ್ತಿನಿಂದ ಆಫೀಸಿನಲ್ಲಿ ಅವಳ ಹೆಸರೇ 'ಅಲ್ಪವಿರಾಮ'. ಮನೆಯಲ್ಲಿ ಅಮ್ಮ ತೋರಿಸಿದ ಹುಡುಗರಲ್ಲೂ ಹೀಗೇ ಒಂದೊಂದು ತಪ್ಪು ಹುಡುಕುತ್ತಿದ್ದಳು. ಯಾಕೆ ಅಂತ ಅಮ್ಮನಿಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಗಂಟೆ' ಅಂತ. ಯಾರಾದರೂ ಕೋಡ್ ಒಪ್ಪಿಸಿದರೆ, ಪರೀಕ್ಷೆ ಪಾಸಾದರೆ, ಫೇಲಾದರೆ, ಸಂಬಂಧಪಟ್ಟವರ ಫೋನಿಗೆ ತಾನಾಗೇ ಎಸ್ಸೆಮ್ಮೆಸ್ ಹೋಗುವ ಹಾಗೆ ಮಾಡಿದವನು ಅವನೇ. ಎರಡು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ, ಸರಿಯಾಗಿ ಮುಚ್ಚದ ಒಂದು ಕಿಟಕಿಯ ಕೆಳಗೆ, ಅಕ್ಕಪಕ್ಕ ಕೂತು ಕೆಲಸ ಮಾಡಿದ್ದರು. ಜಗಳ ಆಡಿದ್ದರು, ನಕ್ಕಿದ್ದರು, ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದರು.

ಆಮೇಲೆ ಒಂದು ದಿನ ಆ ಮೆಸೇಜ್ ಬಂತು.

ಕೋಡ್ ಒಪ್ಪಿಸುವಾಗ ಜೊತೆಗೆ ಒಂದು ಟಿಪ್ಪಣಿ ಬರೆಯಬೇಕು. ಆ ಟಿಪ್ಪಣಿಯೇ ಮೆಸೇಜಾಗಿ ಹೋಗುತ್ತಿತ್ತು. ಅವತ್ತಿನ ಟಿಪ್ಪಣಿ ಅವಳೊಬ್ಬಳ ಫೋನಿಗೇ ಬಂದಿತ್ತು:

'ಇನ್ನು ನಿನ್ನ ಜೊತೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡೋಕೆ ನನ್ನಿಂದ ಖಂಡಿತ ಆಗಲ್ಲ,'

ಅಷ್ಟೇ. ಪಕ್ಕದಲ್ಲೇ ಕೂತವನು ಎದುರು ಹೇಳುವ ಧೈರ್ಯವಿಲ್ಲದೆ ಮೆಷಿನ್ ಕೈಯಲ್ಲಿ ಹೇಳಿಸಿದ್ದ! ಅವಳಿಗೆ ಉರಿದುಹೋಯಿತು. ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು, ಒಂದೇ ಸಾಲು ಉತ್ತರ ಕೊಟ್ಟಳು: 'ಸರಿ. ಹಾಗಾದ್ರೆ ಹೊರಗಿನ ಕೆಲಸ ಕೇಳ್ಕೋ.'

ಮಾರನೇ ದಿನವೇ ಅವನು ಕೇಳಿಕೊಂಡು ಲಿಫ್ಟ್ ಕೂರಿಸುವ ಕಟ್ಟಡಗಳ ಕಡೆ ಹೋದ. ಕುರ್ಚಿ ಖಾಲಿಯಾಯಿತು.

ಆ ಮೆಸೇಜನ್ನು ಅಳಿಸಿಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದಳು. ಅಳಿಸಿರಲಿಲ್ಲ.

ಹನ್ನೊಂದು ಗಂಟೆ ಹತ್ತು ನಿಮಿಷ. ಅವಳ ಫೋನ್ ಟಣ್ ಅಂದಿತು.

ಮೆಕ್ಯಾನಿಕ್‌ಗಳಿಗೆ ಇಂಗ್ಲಿಷ್ ಮೆಸೇಜ್ ಅರ್ಥವಾಗೋದಿಲ್ಲ ಅಂತ ಮೇಸ್ತ್ರಿ ಗೋಗರೆದಿದ್ದಕ್ಕೆ, ಹೋದ ವಾರ ಅವಳೇ ಕೂತು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿದ್ದಳು. ಇವತ್ತೇ ಮೊದಲ ದಿನ. ಹೇಗೆ ಬರುತ್ತೆ ನೋಡೋಣ ಅಂತ ತನ್ನ ನಂಬರನ್ನೂ ಪಟ್ಟಿಗೆ ಸೇರಿಸಿದ್ದಳು.

'ದಯವಿಟ್ಟು ಗಮನಿಸಿ: ಮೂರನೇ ಲಿಫ್ಟಿನ ಹೊಸ ಪ್ರೋಗ್ರಾಮಿನ ಬ್ರೇಕ್ ಪರೀಕ್ಷೆ ಮುಗಿದಿದೆ'

ಪರವಾಗಿಲ್ಲ, ಚೆನ್ನಾಗೇ ಬಂದಿದೆ ಅಂದುಕೊಂಡಳು.

ಒಂದು ಕ್ಷಣ ಬಿಟ್ಟು ಮತ್ತೆ ಓದಿದಳು.

ಮುಗಿದಿದೆ? ಇನ್ನೂ ಶುರುವೇ ಆಗಿಲ್ಲವಲ್ಲ... ಪರದೆಯ ಮೇಲೆ ನೋಡಿದಳು. 'ಬ್ರೇಕ್ ಪರೀಕ್ಷೆ: ಹದಿನಾಲ್ಕು ನಿಮಿಷದಲ್ಲಿ.' ತಾನು ಬರೆದದ್ದನ್ನು ತೆಗೆದು ಓದಿದಳು. '...ಬ್ರೇಕ್ ಪರೀಕ್ಷೆ ಮುಗಿದಿದೆ ಎಂಬ ಸಂದೇಶ ಬರುವ ತನಕ ಲಿಫ್ಟಿನ ಮೇಲೆ ಹತ್ತಬೇಡಿ.'

ಉಳಿದದ್ದು ಎಲ್ಲಿ ಹೋಯಿತು?

ಫೋನಿಗೆ ಬಂದದ್ದರ ಅಕ್ಷರ ಎಣಿಸಿದಳು. ಒತ್ತು, ಗುಣಿತ, ಜಾಗ ಎಲ್ಲ ಸೇರಿ ಸರಿಯಾಗಿ ಎಪ್ಪತ್ತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ ನೂರಾ ಅರವತ್ತು ಅಕ್ಷರ ಹಿಡಿಸುತ್ತೆ, ಕನ್ನಡಕ್ಕೆ ಎಪ್ಪತ್ತೇ. ಮಿಕ್ಕಿದ್ದನ್ನು ಕತ್ತರಿಸಿ ಬಿಸಾಕಿತ್ತು ಅವರ ವ್ಯವಸ್ಥೆ. ಬೇಡ ಅನ್ನುವ ಮಾತು ಕನ್ನಡದಲ್ಲಿ ಕೊನೆಗೆ ತಾನೇ ಬರೋದು? ಅದೇ ಹೋಗಿತ್ತು. ಕಂಪ್ಯೂಟರಿನಲ್ಲಿ ಪೂರ್ತಿ ಕಾಣುತ್ತಿತ್ತು ಅಂತ, ಊರವರ ತಪ್ಪು ಹುಡುಕುವವಳು ಒಂದೇ ಒಂದು ಸಲ ಫೋನಿನಲ್ಲಿ ನೋಡಿರಲಿಲ್ಲ.

ಆ ಪರೀಕ್ಷೆಯೋ, ಇಪ್ಪತ್ತನೇ ಮಹಡಿಯಿಂದ ಲಿಫ್ಟನ್ನು ಪೂರ್ತಿ ವೇಗದಲ್ಲಿ ಬಿಟ್ಟು ನಡುವೆ ಗಕ್ಕನೆ ನಿಲ್ಲಿಸುವಂಥದ್ದು. ಮೇಲೆ ಮನುಷ್ಯರಿದ್ದರೆ... ಮುಂದಕ್ಕೆ ಯೋಚಿಸಲಾಗಲಿಲ್ಲ ಅವಳಿಗೆ.

ಅವನಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮೇಸ್ತ್ರಿಗೆ ಮಾಡಿದಳು. ಅದೇ ಉತ್ತರ. ಇಬ್ಬರೂ ಆಗಲೇ ಲಿಫ್ಟ್ ಓಡಾಡುವ ಬಾವಿಯಂಥ ಗುಂಡಿಯೊಳಗೆ ಇದ್ದಾರೆ, ಅಲ್ಲಿ ಸಿಗ್ನಲ್ ಸಿಗಲ್ಲ. ಹತ್ತಿದ್ದಾರೆ!

ಪರೀಕ್ಷೆ ನಿಲ್ಲಿಸುವ ಬಟನ್ ಇತ್ತು. ಅದು ಒಬ್ಬನ ಹೆಸರಿಗೆ ಮಾತ್ರ ತೆರೆಯುತ್ತಿತ್ತು, ಗಂಟೆಯ ಹೆಸರಿಗೆ. ಅವನು ಹೋದ ಮೇಲೆ ಯಾರೂ ಬದಲಾಯಿಸಿರಲಿಲ್ಲ.

ಒಂಬತ್ತು ನಿಮಿಷ.

ಆಗ ಅವನೇ ಒಂದು ಸಲ ಹೇಳಿದ್ದು ನೆನಪಾಯಿತು. "ನೋಡು, ಎಲ್ಲಾದ್ರೂ ಒಂದು ಕಡೆ ಫೇಲಾಗಿ ಕೆಂಪು ಬಂದ್ರೆ ಸಾಕು, ಮುಂದಿನ ಕೆಲಸ ಎಲ್ಲಾ ನಿಂತುಹೋಗುತ್ತೆ. ಹಾಗೇ ಮಾಡಿದೀನಿ."

ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನವೂ ತಪ್ಪು ಕೋಡ್ ಒಪ್ಪಿಸದ ಹುಡುಗಿ ಮೂರನೇ ಲಿಫ್ಟಿನ ಪ್ರೋಗ್ರಾಮ್ ತೆರೆದಳು. ನಡುವೆ, ಇರಬಾರದ ಜಾಗದಲ್ಲಿ, ಒಂದು ಅಲ್ಪವಿರಾಮ ಒತ್ತಿದಳು. ಒಪ್ಪಿಸಿದಳು.

ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಆರು ನಿಮಿಷ. ಐದು. ದೇವರೇ, ಇದೊಂದು ಸಲ ಫೇಲಾಗಲಿ...

ನಾಲ್ಕು ಇರುವಾಗ ಪರದೆ ಕೆಂಪಾಯಿತು. 'ಬ್ರೇಕ್ ಪರೀಕ್ಷೆ: ರದ್ದು.'

ನಂಬಿಕೆ ಬರಲಿಲ್ಲ. ತಾನು ಬರೆದ ಮೆಸೇಜೂ ಸರಿ ಅಂತಲೇ ನಂಬಿದ್ದಳಲ್ಲ? ಎದ್ದು ಓಡಿದಳು.

ಎರಡು ಬೀದಿ ಆಚೆ, ಆ ಲಿಫ್ಟುಗಳನ್ನು ಕೂರಿಸುತ್ತಿದ್ದ ಹೊಸ ಕಟ್ಟಡ. ಒಳಗೆ ಇನ್ನೂ ಸುಣ್ಣದ ವಾಸನೆ, ಜನವಿಲ್ಲ. ಮೂರನೇ ಲಿಫ್ಟಿನ ಬಾಗಿಲು ತೆರೆದಿತ್ತು, ಒಳಗೆ ಬರೀ ಕತ್ತಲೆ. ಬಾಗಿಲ ಮುಂದೆ ನೆಲದ ಮೇಲೆ ಅವನ ಹೆಲ್ಮೆಟ್ ಬಿದ್ದಿತ್ತು.

ಅವಳು ಅಲ್ಲೇ ಕುಸಿದು ಕೂತಳು.

"ಯಾಕೆ ತಾಯಿ, ಏನಾಯ್ತು?"

ಮೆಟ್ಟಿಲ ಕಡೆಯಿಂದ ಮೇಸ್ತ್ರಿ ಬಂದರು. ಅವರ ಹಿಂದೆ, ಮೈಯೆಲ್ಲ ಗ್ರೀಸ್ ಮೆತ್ತಿಕೊಂಡು, ಅವನು.

"ಲಿಫ್ಟಿನ ಮೇಲೇ ಇದ್ವಿ," ಅಂದ ಅವನು. "ಇದ್ದಕ್ಕಿದ್ದ ಹಾಗೆ ಕೆಂಪು ದೀಪ ಹತ್ತಿಕೊಳ್ತು. ಏನೋ ಎಡವಟ್ಟಾಗಿದೆ ಅಂತ ಹನ್ನೆರಡನೇ ಮಹಡಿಯಲ್ಲಿ ಹೊರಗೆ ಬಂದ್ವಿ. ಇಳಿಯೋ ಅವಸರದಲ್ಲಿ ಹೆಲ್ಮೆಟ್ ಕೈಜಾರಿ ಮೆಟ್ಟಿಲ ಸಂದಿಯಿಂದ ಕೆಳಗೆ ಬಿತ್ತು."

ಅವಳು ಫೋನ್ ತೋರಿಸಿ ಎಲ್ಲಾ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳು ತಡೆಯಲಾಗಲಿಲ್ಲ. ಮೇಸ್ತ್ರಿ ಮೆಸೇಜನ್ನು ಎರಡು ಸಲ ಓದಿ, ಗೋಡೆಗೆ ಒರಗಿ, ಹಣೆ ಒರೆಸಿಕೊಂಡರು. ಆಮೇಲೆ ನೀರು ಕುಡಿದು ಬರುತ್ತೇನೆ ಅಂತ ಹೊರಗೆ ಹೋದರು.

"ನಿನಗಾದ್ರೂ ಅನುಮಾನ ಬರ್ಲಿಲ್ವಾ?"

"ನೀನು ಬರೆದದ್ದಲ್ವಾ... ಎರಡನೇ ಸಲ ಓದ್ಲಿಲ್ಲ."

ಆ ಮಾತು ಅವಳಿಗೆ ಎಲ್ಲಿ ನಾಟಿತೋ! ಫೋನಿನಲ್ಲಿ ಎರಡು ತಿಂಗಳ ಹಿಂದಿನ ಮೆಸೇಜ್ ತೆಗೆದಳು. ಎಣಿಸಿದಳು. ಕೊನೆಯ ಖಾಲಿ ಜಾಗವೂ ಸೇರಿ ಅದೂ ಎಪ್ಪತ್ತಕ್ಕೆ ನಿಂತಿತ್ತು. ಕೊನೆಯಲ್ಲಿ ಒಂದು ಅಲ್ಪವಿರಾಮ. ಊರವರ ಅಲ್ಪವಿರಾಮ ಹಿಡಿಯುವವಳು ಇದೊಂದನ್ನು ಮಾತ್ರ ನೋಡಿರಲಿಲ್ಲ.

"ಇದರ ಮುಂದೆ ಏನಿತ್ತೋ?"

ಅವನು ಇಣುಕಿ ನೋಡಿದ. ಮುಖದ ಬಣ್ಣವೇ ಬದಲಾಯಿತು.

"ನಿನಗೆ ಬಂದಿದ್ದು ಇಷ್ಟೇನಾ? ನಾನು... ನೀನು ಪೂರ್ತಿ ಓದಿಯೇ ಹೊರಗೆ ಹೋಗು ಅಂದೆ ಅಂದ್ಕೊಂಡಿದ್ದೆ."

"ಏನಿತ್ತು ಅಂತ ಕೇಳಿದೆ."

ಅವನು ನೆಲ ನೋಡುತ್ತಾ, ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿದ. "...ನನ್ನಿಂದ ಖಂಡಿತ ಆಗಲ್ಲ, ಮನಸಲ್ಲಿರೋದನ್ನ ಹೇಳದೆ ಬಾಯಿ ಮುಚ್ಕೊಂಡು. ನಿನ್ನನ್ನ ಇಷ್ಟಪಟ್ಟು ವರ್ಷ ಆಯ್ತು. ಮದುವೆ ಆಗೋಣ್ವಾ?"

ಅವಳು ಅವನ ಗ್ರೀಸ್ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೂಂ ಕಣೋ. ಆಗೋಣ. ಅಮ್ಮನಿಗೆ ನಾನೇ ಹೇಳ್ತೀನಿ."

"ಅಷ್ಟು ಬೇಗ ಹೂಂ ಅಂದ್ಬಿಟ್ಯಾ?"

"ಅದನ್ನೇ ಮೊದಲು ಹೇಳ್ಬೇಕು," ಅಂದಳು ಕಣ್ಣೊರೆಸಿಕೊಳ್ಳುತ್ತಾ. "ಉಳಿದದ್ದು ಕತ್ತರಿಸಿ ಹೋದ್ರೂ ಹೂಂ ಉಳೀಬೇಕು."