ಅಜ್ಜಿಯ ಬಾಟಲಿ, ಅಮ್ಮನ ಕರಿಬೇವು

ಮಿಷನ್ ಬಾಟಲಿಯನ್ನು ನುಂಗಿತು, ಒಳಗೆ ಗರಗರ ತಿರುಗಿಸಿತು, ಮತ್ತೆ ಹೊರಗೆ ತಳ್ಳಿತು.

"ಇನ್ನೊಂದ್ಸಲ ಹಾಕು," ಅಂದಳು ಅರ್ಷಿಯಾ.

ಚಾರ್ವಿ ಹಾಕಿದಳು. ಮಿಷನ್ ಈ ಸಲವೂ ಬೇಡವೆಂದಿತು. ಹಿಂದೆ ದೊಡ್ಡ ಚೀಲ ಹಿಡಿದು ನಿಂತಿದ್ದ ತಾತ ಕೆಮ್ಮಿದರು. ಸ್ವೀಡನ್ನಿನಲ್ಲಿ ಕ್ಯೂನಲ್ಲಿ ನಿಂತವರು ಜಗಳ ಆಡುವುದಿಲ್ಲ, ಕೆಮ್ಮುತ್ತಾರೆ.

ಅವರ ಊರು ಸೊಲ್ಲೆಂಟುನಾದ ಆ ಅಂಗಡಿಯ ಮೂಲೆಯಲ್ಲಿ ಒಂದು ಪಾಂಟ್ ಮಿಷನ್ ಇದೆ. ಖಾಲಿ ಬಾಟಲಿ, ಖಾಲಿ ಕ್ಯಾನ್ ಹಾಕಿದರೆ ಅದು ಚಿಲ್ಲರೆ ಕಾಸಿನ ಚೀಟಿ ಕೊಡುತ್ತದೆ. ನಾಲ್ಕನೇ ಕ್ಲಾಸಿನವರೆಲ್ಲ ಹೀಗೆ ಬಾಟಲಿ ಕೂಡಿಸಿ, ಬೇಸಿಗೆ ರಜೆಗೆ ಮೊದಲು ಟ್ರಿಪ್ ಹೋಗುವುದೆಂದು ತೀರ್ಮಾನವಾಗಿತ್ತು. ಈ ವಾರ ಚಾರ್ವಿ ಮತ್ತು ಅರ್ಷಿಯಾ ಅವರ ಸರದಿ. ಬೆಳಿಗ್ಗೆ ಚಾರ್ವಿ ಮನೆಯನ್ನೆಲ್ಲ ಜಾಲಾಡಿ, ಸಿಕ್ಕಿದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿದ್ದಳು.

ಅರ್ಷಿಯಾ ಬಾಟಲಿಯನ್ನು ತಿರುಗಿಸಿ ನೋಡಿದಳು. "ಊಹೂಂ, ಇದು ಇಲ್ಲಿದಲ್ಲ ಕಣೇ. ಲೇಬಲ್ ನೋಡು, ಹಿಂದಿ ಥರ ಇದೆ. ಮೇಲೆ ಮೌಂಟನ್ ಬೇರೆ ಇದೆ."

ಚಾರ್ವಿ ಬಾಟಲಿಯನ್ನು ಕಿತ್ತುಕೊಂಡು ನೋಡಿದಳು. ಅದು ಅಜ್ಜಿಯ ಬಾಟಲಿ! ನೇಪಾಳದಿಂದ ತಂದದ್ದು. ಅದರ ತುಂಬ ನೀರಿತ್ತು. ಯಾರೋ ಕುಡಿಯದೆ ಬಿಟ್ಟ ನೀರು ಅಂದುಕೊಂಡು ಅವಳೇ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿದ್ದ ಕರಿಬೇವಿನ ಪಾಟಿಗೆ ಸುರಿದಿದ್ದಳು. ಸುರಿದು ಮುಚ್ಚಳ ತಿರುಗಿಸಿ ಚೀಲಕ್ಕೆ ಎಸೆದಿದ್ದಳು, ಶಾಲೆಗೆ ಓಡುವ ಅವಸರದಲ್ಲಿ.

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?"

"ಇದ್ರಲ್ಲಿ ಹೋಲಿ ವಾಟರ್ ಇತ್ತು," ಅಂದಳು ಚಾರ್ವಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಚಾರ್ವಿಯ ಅಜ್ಜಿ ಪದ್ಮಿನಿ ಅಂದರೆ ಸಾಮಾನ್ಯ ಅಜ್ಜಿ ಅಲ್ಲ. ತುಮಕೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಸೀಟಿ ಇನ್ನೂ ಬ್ಯಾಗಿನಲ್ಲೇ ಇದೆ. ಕಳೆದ ತಿಂಗಳು ಯೋಗ ಕ್ಲಾಸಿನ ಗೆಳತಿಯರ ಜೊತೆ ಹಿಮಾಲಯಕ್ಕೆ ಟ್ರೆಕ್ ಹೋಗಿದ್ದಳು, ಗೋಸಾಯಿಕುಂಡ ಅನ್ನುವ ಕೆರೆಗೆ. ವಿಷ ಕುಡಿದ ಶಿವನಿಗೆ ಗಂಟಲು ಉರಿದಾಗ ತ್ರಿಶೂಲದಿಂದ ಬೆಟ್ಟಕ್ಕೆ ಚುಚ್ಚಿದನಂತೆ, ಅಲ್ಲಿ ಚಿಮ್ಮಿದ ನೀರೇ ಆ ಕೆರೆಯಂತೆ. ಆ ನೀರನ್ನು ಅಜ್ಜಿ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ಸ್ವೀಡನ್ನಿಗೆ ತಂದಿದ್ದಳು. ದೇವರ ಶೆಲ್ಫಿನಲ್ಲಿ ಜಾಗ ಸಾಲದೆ ಬಾಟಲಿ ಕಿಟಕಿಗೆ ಬಂದಿತ್ತು.

ಆಗಿದ್ದು ಆಗಿಹೋಯಿತು. ಚಾರ್ವಿ ಮನೆಗೆ ಓಡಿಬಂದಳು. ಅಜ್ಜಿ ಹೊರಗೆ ವಾಕಿಂಗ್ ಹೋಗಿದ್ದಳು, ಅಮ್ಮ ಆಫೀಸಿನಲ್ಲಿದ್ದಳು. ಚಾರ್ವಿ ಬಾಟಲಿಯನ್ನು ತೊಳೆದು, ನಲ್ಲಿ ನೀರು ತುಂಬಿ, ಇದ್ದ ಜಾಗದಲ್ಲೇ ಇಟ್ಟಳು. ನೋಡಿದರೆ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ನೀರು ನೀರಿನ ಹಾಗೇ ಇತ್ತು.

ಸದ್ಯ ಬಚಾವಾದೆ ಅಂದುಕೊಂಡಳು. ಆ ನೆಮ್ಮದಿ ಊಟದ ಹೊತ್ತಿನವರೆಗೆ ಇತ್ತು.

"ಅಮ್ಮಾ, ಶನಿವಾರ ಎಲ್ರೂ ಬರ್ತಿದಾರೆ," ಅಂದ ಅಪ್ಪ ಅಜ್ಜಿಗೆ, ಸಾರು ಕಲಸಿಕೊಳ್ಳುತ್ತ. "ಶಾಹಿದ್ ಫ್ಯಾಮಿಲಿ, ಶೇಷಾದ್ರಿ ಫ್ಯಾಮಿಲಿ, ಇನ್ನೂ ಒಂದೆರಡು ಮನೆಯವರು. ಎಲ್ರಿಗೂ ನಿನ್ನ ಟ್ರೆಕ್ ಕತೆ ಕೇಳಬೇಕಂತೆ. ಕೊನೇಲಿ ಒಂದೊಂದು ಸ್ಪೂನ್ ತೀರ್ಥ ಕೊಟ್ಬಿಡು."

ಎತ್ತಿದ ತುತ್ತನ್ನು ಚಾರ್ವಿ ತಟ್ಟೆಗೇ ಇಳಿಸಿದಳು. ಎಲ್ಲರೂ ಕೈ ಚಾಚಿ, ಕಣ್ಣು ಮುಚ್ಚಿ, ಸೊಲ್ಲೆಂಟುನಾದ ನಲ್ಲಿ ನೀರು ಕುಡಿಯುತ್ತಾರೆ!

"ನಂದೇನು ಕತೆ, ಬಿಡೋ ರಾಘವ," ಅಂದಳು ಅಜ್ಜಿ.

"ಏನಮ್ಮ ಹೀಗಂತೀಯ? ಈ ವಯಸ್ಸಲ್ಲಿ ಅಷ್ಟು ಎತ್ತರ ಹತ್ತಿದೀಯ! ಗ್ರೂಪಲ್ಲಿ ಹಾಕಿದ ತಕ್ಷಣ ಎಷ್ಟು ಜನ ಕಾಂಗ್ರಾಟ್ಸ್ ಅಂದ್ರು ಗೊತ್ತಾ?"

"ಅಜ್ಜಿ, ಕೆರೆ ಹೇಗಿತ್ತು?" ಚಾರ್ವಿ ಮಾತು ತೀರ್ಥದಿಂದ ಬೇರೆ ಕಡೆ ಹೋಗಲಿ ಅಂತ ಕೇಳಿದಳು.

ಅಜ್ಜಿ ಕತೆ ಶುರುಮಾಡಿದಳು. ಪೈನ್ ಮರಗಳ ಕಾಡು ಹೇಗೆ ಮುಗಿಯುತ್ತದೆ, ಆಮೇಲೆ ಹೇಗೆ ಬರೀ ಕಲ್ಲು, ಬರೀ ಗಾಳಿ. ಲೌರೇಬಿನಾ ಅನ್ನುವ ಕಡೆ ಒಂದು ಚಿಕ್ಕ ಹೋಟೆಲು, ಅಲ್ಲಿ ಬೆಳ್ಳುಳ್ಳಿ ಸೂಪು. ಎತ್ತರಕ್ಕೆ ಬೆಳ್ಳುಳ್ಳಿ ಒಳ್ಳೇದು ಅಂತ ಬಟ್ಟಲುಗಟ್ಟಲೆ ಕುಡಿಸುತ್ತಾರಂತೆ. ಕತೆ ಅಲ್ಲಿಗೆ ಬಂದದ್ದೇ ಅಜ್ಜಿ ಎದ್ದು ಮಜ್ಜಿಗೆ ತರಲು ಹೋದಳು.

ಮೊನ್ನೆಯೂ ಹೀಗೇ ಆಗಿತ್ತು. ಅಜ್ಜಿಯ ಕತೆ ಯಾವಾಗಲೂ ಬೆಳ್ಳುಳ್ಳಿ ಸೂಪಿನ ತನಕ ಬಂದು ನಿಲ್ಲುತ್ತಿತ್ತು. ಚಾರ್ವಿ ಅದನ್ನು ಗಮನಿಸಿದಳು, ಆದರೆ ಅವಳ ತಲೆ ತುಂಬ ಆಗ ಬಾಟಲಿಯೇ ಇತ್ತು.

ಶುಕ್ರವಾರ ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಅಜ್ಜಿ ನಿಂತಿದ್ದಳು. ಸೀರೆಯ ಮೇಲೆ ಅಮ್ಮನ ಜಾಕೆಟ್, ಕಾಲಿಗೆ ಟ್ರೆಕ್ಕಿನ ಶೂ. ಇಬ್ಬರೂ ಸರೋವರದ ದಾರಿ ಹಿಡಿದು ಮನೆಗೆ ಹೊರಟರು. ಮೇ ತಿಂಗಳ ಬಿಸಿಲು ಚೆನ್ನಾಗಿತ್ತು. ಯಾರೋ ಒಬ್ಬಾಕೆ ಈಜಿ ಬಂದು ದಂಡೆಯ ಮೇಲೆ ಟವೆಲ್ ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದರು.

"ಈ ಚಳಿ ನೀರಲ್ಲಿ ಈಜ್ತಾರಲ್ಲೇ! ಇವರೇನು ಮನುಷ್ಯರಾ?" ಅಂದಳು ಅಜ್ಜಿ. ಬೆಂಚಿನ ಮೇಲೆ ಕುಳಿತಳು. "ಯಾಕೇ ಪುಟ್ಟಿ, ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ ನೀನು?"

ಚಾರ್ವಿ ಏನೂ ಇಲ್ಲ ಅನ್ನಬೇಕೆಂದಿದ್ದಳು. ಬಾಯಿ ತೆರೆದರೆ ಅಳು ಬಂತು.

"ಅಜ್ಜಿ, ನಾನ್ ನಿನ್ ನೀರು ಚೆಲ್ಬಿಟ್ಟೆ. ಗೋಸಾಯಿಕುಂಡದ್ದು. ಬೇಕಂತ ಅಲ್ಲ! ಪಾಂಟ್‌ಗೆ ಅಂತ ಬಾಟಲ್ ತಗೊಂಡೆ, ನೀರು ಕರಿಬೇವಿಗೆ ಹಾಕ್ಬಿಟ್ಟೆ. ಈಗ ಅದ್ರಲ್ಲಿರೋದು ನಲ್ಲಿ ನೀರು. ಸಾರಿ ಅಜ್ಜಿ. ನೀನು ಅಷ್ಟು ಕಷ್ಟಪಟ್ಟು ಹತ್ತಿ ತಂದಿದ್ದು..."

ಅಜ್ಜಿಯ ಮುಖ ಸಪ್ಪಗಾಯಿತು. ನೀರನ್ನೇ ನೋಡುತ್ತ ಕುಳಿತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಚಾರ್ವಿಗೆ.

"ನಾನು ಹತ್ತಿ ತಂದಿದ್ದಲ್ಲ ಕಣೇ," ಅಂದಳು ಅಜ್ಜಿ ಕೊನೆಗೆ.

"ಅಂದ್ರೆ?"

"ನಾನು ಕೆರೆ ನೋಡೇ ಇಲ್ಲ."

ಚಾರ್ವಿಯ ಅಳು ಅಲ್ಲಿಗೇ ನಿಂತುಹೋಯಿತು.

"ಲೌರೇಬಿನಾದಲ್ಲಿ ಸೂಪ್ ಕುಡಿದ್ನಾ, ಅದೆಲ್ಲ ವಾಂತಿ ಆಗ್ಹೋಯ್ತು. ತಲೆ ಸಿಡೀತಿತ್ತು. ನಿಂತ್ರೆ ನೆಲ ಓಲಾಡ್ತಿತ್ತು. ಉಸಿರೇ ಸಾಲ್ತಿಲ್ಲ! ಗೆಳತೀರನ್ನ ಕರೆಯೋಣ ಅಂತ ಸೀಟಿ ಬಾಯಿಗಿಟ್ರೆ ಅದನ್ನ ಊದೋಕೂ ಆಗ್ಲಿಲ್ಲ ನಂಗೆ. ಗೈಡ್ ಹುಡುಗ ನೋಡಿದ್ನೋ ಇಲ್ವೋ, 'ಅಮ್ಮ, ಈಗ್ಲೇ ಕೆಳಗೆ' ಅಂದ. ನಾನು ಬರಲ್ಲ ಅಂತ ಹಟ ಹಿಡಿದೆ. ಕೆರೆ ಅಲ್ಲೇ ಮೇಲಿದೆ, ಒಂದು ಬೆಳಿಗ್ಗೆ ನಡೆದ್ರೆ ಸಿಗುತ್ತೆ! ಯೋಗ ಕ್ಲಾಸಿನ ನಿವೇದಿತಾ ನನ್ನ ಕೈಯಿಂದ ಬಾಟಲಿ ಕಿತ್ಕೊಂಡು, 'ನೀನು ಇಳಿ, ನಿನ್ನ ಪಾಲು ನಾನು ತರ್ತೀನಿ' ಅಂದ್ಲು. ತಂದ್ಲು. ಕೆರೆ ಅಂಚಲ್ಲಿ ಐಸ್ ಕಟ್ಟಿತ್ತಂತೆ, ಒಡೆದು ತುಂಬಿಸ್ಕೊಂಡ್ಲಂತೆ."

"ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳೋಕೆ ಮುಂಚೇನೇ ಅವ್ನು ಎಲ್ಲಾರಿಗೂ ಹೇಳ್ಬಿಟ್ಟಿದ್ದ. ಎಲ್ಲಾರೂ ಭೇಷ್ ಅಂದ್ರು. ಸುಮ್ನಾದೆ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಕ್ಕಳಿಗೆಲ್ಲ 'ಓಡ್ರೇ, ಅರ್ಧಕ್ಕೆ ನಿಲ್ಬೇಡ್ರೇ' ಅಂತ ಮೂವತ್ತು ವರ್ಷ ಕೂಗಿದೋಳು ನಾನು. ಅರ್ಧಕ್ಕೆ ವಾಪಸ್ ಬಂದೆ ಅಂತ ಹೇಗೆ ಹೇಳೋದು? ಶನಿವಾರ ಬರುತ್ತಲ್ಲಪ್ಪ ಅಂತ ನಂಗೂ ಊಟ ಸೇರ್ತಿಲ್ಲ."

ಚಾರ್ವಿ ಅಜ್ಜಿಯನ್ನು ನೋಡಿದಳು. ಅಜ್ಜಿ ಚಾರ್ವಿಯನ್ನು ನೋಡಿದಳು.

"ಈಗ ಬಾಟಲಿಯಲ್ಲಿರೋದು ನಲ್ಲಿ ನೀರಾ?" ಅಂತ ಅಜ್ಜಿ ಮೆಲ್ಲಗೆ ಕೇಳಿದಳು.

"ಹೂಂ."

"ಹೋಗದೇ ಇರೋ ಅಜ್ಜಿ, ಅಲ್ಲಿದಲ್ಲದ ನೀರು! ಚೆನ್ನಾಗಿದೆ ನಮ್ಮ ಪ್ರೋಗ್ರಾಮು!"

ಅಜ್ಜಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಚಾರ್ವಿಯೂ ಮೂಗು ಸುರಿಸುತ್ತಲೇ ನಕ್ಕಳು. ಟವೆಲ್ ಸುತ್ತಿಕೊಂಡಿದ್ದಾಕೆ ತಿರುಗಿ ನೋಡಿ ತಾವೂ ನಕ್ಕರು, ಏನೂ ಗೊತ್ತಿಲ್ಲದಿದ್ದರೂ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಸರೋವರಕ್ಕೆ ಎಸೆದ ಹಾಗಾಯಿತು ಚಾರ್ವಿಗೆ. ಅವಳಿಗೆ ಒಮ್ಮೆಲೇ ಜೋರು ಹಸಿವಾಯಿತು.

ಅಲ್ಲಿಂದಲೇ ಅಜ್ಜಿ ತುಮಕೂರಿಗೆ ವಿಡಿಯೋ ಕಾಲ್ ಮಾಡಿದಳು. ನಿವೇದಿತಾ ಅಜ್ಜಿ ಎಲ್ಲ ಕೇಳಿಸಿಕೊಂಡು, "ಅಯ್ಯೋ ಪದ್ದು, ಗಿಡಕ್ಕೆ ತಾನೇ ಹೋಗಿದ್ದು? ಆ ಮಗೂನ ಬೈಬೇಡ," ಅಂದರು. ಆಮೇಲೆ ದನಿ ಬದಲಿಸಿ, "ನೀನು ಯಾವಾಗ ನಿಜ ಹೇಳ್ತೀಯ?" ಅಂದರು.

"ನಾಳೆ," ಅಂದಳು ಅಜ್ಜಿ.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಬೇರೊಂದು ಯುದ್ಧ. ಆ ಕರಿಬೇವಿನ ಗಿಡ ಅಮ್ಮನ ಪ್ರಾಣ. ಹೊರಗೆ ಹಿಮ ಬೀಳುವಾಗ ಅದಕ್ಕೆಂದೇ ಲೈಟು ಹಾಕಿ, ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಕಾಪಾಡಿದ್ದಳು. ಸಾರಿಗೆ ನಾಲ್ಕು ಎಲೆಗಿಂತ ಹೆಚ್ಚು ಕೀಳಲು ಯಾರಿಗೂ ಪರ್ಮಿಷನ್ ಇರಲಿಲ್ಲ.

"ಅತ್ತೆ, ಅಷ್ಟೊಂದಾ? ಗಿಡ ಬೋಳಾಗುತ್ತೆ!"

"ಎಲ್ಲಾರ ತಟ್ಟೇಗೂ ಒಂದೊಂದು ಎಲೆ ಬರ್ಲೇಬೇಕು ದೀಪ್ತಿ. ಯಾಕೆ ಅಂತ ಸಾಯಂಕಾಲ ಹೇಳ್ತೀನಿ," ಅಂದಳು ಅಜ್ಜಿ. ಅಮ್ಮ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಎಸಳು ಎಸಳಾಗಿ ಮುರಿದು ಚಿತ್ರಾನ್ನದ ಒಗ್ಗರಣೆಗೆ ಹಾಕಿದಳು.

ಸಂಜೆ ಹಾಲ್ ತುಂಬಿತು. ಎಲ್ಲರೂ ಚಿತ್ರಾನ್ನದ ತಟ್ಟೆ ಹಿಡಿದು ಕುಳಿತರು. ಅಜ್ಜಿ ನಡುವೆ ನಿಂತು ಒಂದು ಸೀಟಿ ಊದಿದಳು. ಸದಾ ಮಾತಾಡುವ ಶೇಷಾದ್ರಿ ಅಂಕಲ್ ಕೂಡ ತೆಪ್ಪಗಾದರು.

ಈ ಸಲ ಕತೆ ಬೆಳ್ಳುಳ್ಳಿ ಸೂಪಿನಲ್ಲಿ ನಿಲ್ಲಲಿಲ್ಲ. ವಾಂತಿ, ತಲೆಸುತ್ತು, ಗೈಡ್ ಹುಡುಗನ ಹೆಗಲ ಮೇಲೆ ಕೈಯಿಟ್ಟು ಇಳಿದದ್ದು, ಇಳಿಯುತ್ತ ಇಳಿಯುತ್ತ ಉಸಿರು ಸರಾಗವಾದದ್ದು, ಎಲ್ಲವನ್ನೂ ಅಜ್ಜಿ ಹೇಳಿದಳು. "ನಾನು ಕೆರೆ ನೋಡ್ಲಿಲ್ಲ. ಇಷ್ಟೇ ನನ್ನ ಟ್ರೆಕ್ಕು," ಅಂದಳು.

ಅಪ್ಪ ಎದ್ದು ಬಂದು ಅಜ್ಜಿಯ ಕೈ ಹಿಡಿದುಕೊಂಡ. "ಇಷ್ಟೆಲ್ಲ ಆಗಿದ್ರೂ ನಂಗೊಂದು ಮಾತು ಹೇಳ್ಲಿಲ್ವಲ್ಲಮ್ಮ," ಅಂದ. ಅವನ ದನಿ ನಡುಗುತ್ತಿತ್ತು. ಅಪ್ಪನ ದನಿ ನಡುಗುವುದನ್ನು ಚಾರ್ವಿ ಅದೇ ಮೊದಲು ಕೇಳಿದ್ದು.

"ಆಂಟಿ, ನೀವು ಇಳಿದಿದ್ದಕ್ಕೇ ಅಲ್ವಾ ನಮಗೆ ಈ ಚಿತ್ರಾನ್ನ ಸಿಕ್ಕಿದ್ದು?" ಅಂದರು ಅರ್ಷಿಯಾಳ ಅಪ್ಪ ಶಾಹಿದ್ ಅಂಕಲ್. ಎಲ್ಲರಿಗೂ ಉಸಿರಾಡಲು ಅಷ್ಟು ಸಾಕಿತ್ತು. ಚಪ್ಪಾಳೆ ಬಿತ್ತು. ಮಕ್ಕಳಿಗಂತೂ ವಾಂತಿಯ ಭಾಗ ಇನ್ನೊಮ್ಮೆ ಬೇಕಿತ್ತು.

"ಮತ್ತೆ ತೀರ್ಥ?" ಅಂತ ಯಾರೋ ಕೇಳಿದರು.

ಚಾರ್ವಿ ಎದ್ದು ನಿಂತಳು. ಈ ಸಲ ಅವಳ ದನಿ ಎಲ್ಲರಿಗೂ ಕೇಳಿಸಿತು. "ಅದು... ನಾನು ಅದನ್ನ ಕರಿಬೇವಿಗೆ ಹಾಕ್ಬಿಟ್ಟೆ. ಗೊತ್ತಿಲ್ದೆ. ಆ ಕರಿಬೇವೇ ಚಿತ್ರಾನ್ನದಲ್ಲಿರೋದು."

ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಹೆಚ್ಚುಕಡಿಮೆ ಎಲ್ಲ ತಟ್ಟೆಗಳ ಅಂಚಿನಲ್ಲೂ ಕರಿಬೇವಿನ ಎಲೆಗಳು, ಎತ್ತಿ ಬದಿಗಿಟ್ಟವು! ಆಮೇಲೆ ಹಾಲ್‌ಗೆ ಹಾಲೇ ಗೊಳ್ಳೆಂದು ನಕ್ಕಿತು. ಶೇಷಾದ್ರಿ ಅಂಕಲ್ ಗುಟ್ಟಾಗಿ ತಮ್ಮ ಎಲೆ ಎತ್ತಿ ಬಾಯಿಗೆ ಹಾಕಿಕೊಂಡರು. ಒಬ್ಬೊಬ್ಬರಾಗಿ ಎಲ್ಲರ ಕೈಯೂ ತಟ್ಟೆಯ ಅಂಚಿಗೆ ಹೋಯಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೋಳು ಗಿಡವನ್ನೂ ಜನರನ್ನೂ ನೋಡಿ ತಲೆ ಚಚ್ಚಿಕೊಂಡು ನಕ್ಕಳು.

"ನಂದು ಆಗ್ಲೇ ಖಾಲಿ," ಅಂದಳು ಅರ್ಷಿಯಾ. "ನಂಗೆ ಕರಿಬೇವು ಮೊದ್ಲಿಂದಾನೂ ಇಷ್ಟ."

ಚಾರ್ವಿಗೆ ಕರಿಬೇವು ಅಂದರೆ ಆಗದು. ಅವಳು ಅಜ್ಜಿಯ ಕಡೆ ನೋಡಿದಳು.

ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕುಳಿತು ತನ್ನ ಪಾಲಿನ ಎಲೆಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಅದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಸುತ್ತ ಅಷ್ಟು ಗಲಾಟೆ ಇದ್ದರೂ ನಿಧಾನವಾಗಿ, ಬಹಳ ನಿಧಾನವಾಗಿ ಅಗಿದಳು.

ಅಜ್ಜಿ ಈಗ ಕೆರೆಯ ದಂಡೆಯಲ್ಲಿದ್ದಾಳೆ ಅಂತ ಚಾರ್ವಿಗೆ ಗೊತ್ತಾಯಿತು. ಅವಳು ಮಾತಾಡಿಸಲಿಲ್ಲ. ಹತ್ತಿರ ಹೋಗಿ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು, ತಟ್ಟೆಯ ಅಂಚಿನಲ್ಲಿದ್ದ ತನ್ನ ಎಲೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.