ಜೋಳದ ಹೊಲದೊಳಗಿನ ಕೊಳವೆ

೧೯೭೮ರ ಡಿಸೆಂಬರ್ ತಿಂಗಳ ಒಂದು ಮಂಗಳವಾರ ಬೆಳಗಿನ ಎಂಟರ ಸುಮಾರಿಗೆ ಇಂಡಿ ಪೊಲೀಸ್ ಠಾಣೆಗೆ ಬಂದ ದೂರು ಸಬ್ ಇನ್‌ಸ್ಪೆಕ್ಟರ್ ರಾಚಪ್ಪನವರನ್ನು ನೆಮ್ಮದಿಯಾಗಿ ಚಹಾ ಕುಡಿಯಲೂ ಬಿಡಲಿಲ್ಲ. ದೂರು ತಂದವನು ಧಾರವಾಡದ ಪರಮಾನಂದ. ಹಕ್ಕಿಗಳ ಕೂಗು, ಹೆಂಗಸರ ಹಾಡು ಧ್ವನಿಮುದ್ರಿಸಿಕೊಳ್ಳಲು ಭೀಮಾ ತೀರದ ಅಗರಖೇಡಕ್ಕೆ ಬಂದು ಅವನಿಗೆ ವಾರವಾಗಿತ್ತು.

“ಏನ್ ಕಳುವಾತು?”

“ಮೈಕ್ ರೀ. ದೂರದ ಮಾತು ಹಿಡಿಯೂ ಮೈಕು. ಕರ್ರಗ, ಉದ್ದಕ ಕೊಳವಿ ಇದ್ದಂಗ. ಕೆಳಗ ಹಿಡಿಕಿ ಐತಿ.”

“ಹೆಂಗ ಹಿಡೀತಾರ ಅದನ್ನ?”

ಪರಮಾನಂದ ಎರಡೂ ಕೈ ಮುಂದೆ ಚಾಚಿ ಗುರಿಯಿಟ್ಟು ತೋರಿಸಿದ. ಬಾಗಿಲಲ್ಲಿದ್ದ ಪೇದೆ ನಿಜಾಮುದ್ದೀನ ತಟ್ಟನೆ ಪಕ್ಕಕ್ಕೆ ಸರಿದ. ಥೇಟ್ ಬಂದೂಕು! ರಾಚಪ್ಪನವರು ಚಹಾದ ಕಪ್ಪು ಕೆಳಗಿಟ್ಟರು. ಜೋಳ ಆಳೆತ್ತರ ನಿಂತ ಕಾಲ, ಬದುವಿಗೊಂದು ಜಗಳವಿರುವ ಸೀಮೆ. ಇಂಥದನ್ನು ಹಿಡಿದು ಯಾವನಾದರೂ ಹೊಲದಲ್ಲಿ ಅಡ್ಡಾಡಿದರೆ ಗತಿಯೇನು?

ಮನೆಯೊಳಗಿನ ಕಳವಿಗೆ ಅನ್ವಯಿಸುವ ಕಲಂ ೩೮೦ರ ಅಡಿ ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಜೀಪು ಅಗರಖೇಡ ಮುಟ್ಟಿತು. ಪರಮಾನಂದ ಇಳಿದುಕೊಂಡಿದ್ದ ಚಾವಡಿ ಪಕ್ಕದ ಕೋಣೆಯಲ್ಲಿ, ಊರಿನ ಇಬ್ಬರನ್ನು ಸಾಕ್ಷಿಗೆ ಪಂಚರಾಗಿ ಕೂಡಿಸಿಕೊಂಡು ಸ್ಥಳ ಪಂಚನಾಮೆ ನಡೆಯಿತು. ಕಿಟಕಿಯ ಸರಳು ಬಾಗಿತ್ತು. ಆದರೆ ಮೈಕಿಗಿಂತ ದುಬಾರಿಯಾದ ಟೇಪ್ ರೆಕಾರ್ಡರ್ ಮೇಜಿನ ಮೇಲೆಯೇ ಇತ್ತು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಅದರ ಪಕ್ಕದಲ್ಲೇ ಇತ್ತು. ಗೂಟದಲ್ಲಿ ಕೈಗಡಿಯಾರ ಸಹ ನೇತಾಡುತ್ತಿತ್ತು.

“ಈ ಮಶೀನ್ ಇಲ್ಲದ ಆ ಕೊಳವಿ ಕೆಲಸ ಮಾಡತೈತೇನು?”

“ಇಲ್ರಿ. ಬರೇ ಕೊಳವಿ ತಗೊಂಡು ಏನ್ ಮಾಡ್ತಾರ? ಒಲಿ ಊದಬೇಕಷ್ಟ.”

ಮಾರುವ ಕಳ್ಳ ಇದನ್ನೆಲ್ಲ ಬಿಟ್ಟು ಹೋಗುವವನಲ್ಲ ಎಂದು ರಾಚಪ್ಪನವರಿಗೆ ಖಾತ್ರಿಯಾಯಿತು. ಒಯ್ದವನು ಏನನ್ನೋ ಕೇಳಿಸಿಕೊಳ್ಳಬೇಕಾದವನು. ಕೊಳವೆಯೇ ಮಾತನ್ನು ಎಳೆದುಕೊಂಡು ಬರುತ್ತದೆಂದು ನಂಬಿದವನು.

“ಊರವ್ರಿಗೆ ಇದನ್ನ ತೋರಿಸಿದ್ರೇನು?”

“ಮೊನ್ನೆ ನದಿ ದಂಡಿಮ್ಯಾಲೆ ತೋರಿಸಿದ್ನಿರಿ. ಆಚೆ ದಂಡಿಗೆ ಅರಿವಿ ಒಗಿಯೋರ ಮಾತು ಕೇಳಿ ಎಲ್ಲಾರೂ ಬಿದ್ದು ಬಿದ್ದು ನಕ್ರು. ಒಬ್ಬ ಮಾತ್ರ ನಗಲಿಲ್ಲ. ಬಾಣಂತಿ ಕ್ವಾಣ್ಯಾಗಿನ ಮಾತೂ ಕೇಳತೈತೇನು ಅಂದ. ಕಿಟಕಿ ತೆರೆದಿದ್ರ ಕೇಳತೈತಿ ಅಂದೆ.”

ಪಂಚರಲ್ಲೊಬ್ಬ ಮುಂದೆ ಬಂದ. “ಅಂವ ಖಂಡೆಪ್ಪ ಇರಬೇಕ್ರಿ. ಅವನ ಮಗಳು ಇಂದುಬಾಯಿನ್ನ ಇದೇ ಊರಾಗ ಬಸಂತರಾಯರ ಮಗಗ ಕೊಟ್ಟೈತ್ರಿ. ಬದುವಿನ ಸಲುವಾಗಿ ಬೀಗರಿಗೆ ಜಗಳಾತು. ಚೊಚ್ಚಲ ಹೆರಿಗಿಗೂ ತವರಿಗೆ ಕಳಿಸಲಿಲ್ಲ. ಹಡೆದ ಮ್ಯಾಲೆ ಹುಡುಗಿ ಮಾತs ಆಡವಲ್ಲಳು ಅಂತ ಊರಾಗ ಸುದ್ದಿ.”

ಅಷ್ಟರಲ್ಲಿ ಬಸಂತರಾಯರ ಆಳು ಏದುಸಿರು ಬಿಡುತ್ತ ಓಡಿ ಬಂದ. “ಸಾಹೇಬ್ರ, ತೋಟದ ಮನಿ ಹಿಂದ ಜೋಳದಾಗ ಯಾವನೋ ಬಂದೂಕು ಹಿಡಕೊಂಡು ಕುಂತಾನ್ರಿ! ನಮ್ಮ ಧಣಿ ತಮ್ಮ ಬಂದೂಕು ತಗೊಂಡು ಮಾಳಗಿ ಏರ್‍ಯಾರ. ತಲಿ ಕಂಡ್ರ ಹೊಡೀತೇನಿ ಅನ್ನಾಕತ್ತಾರ.”

ಅಯ್ಯೋ ದೇವರೇ! ರಾಚಪ್ಪನವರು ಜೀಪಿಗೆ ಹಾರಿದರು. ಮಶೀನು, ಹೆಡ್‌ಫೋನು ಎದೆಗವಚಿಕೊಂಡ ಪರಮಾನಂದ, ನಿಜಾಮುದ್ದೀನ, ಪಂಚರು ಹಿಂದೆ ಏರಿದರು. ಬಂಡಿಜಾಡಿನಲ್ಲಿ ಜೀಪು ಎಗರುತ್ತಿದ್ದರೆ ಅವರ ಕಿವಿ ಮಾತ್ರ ಒಂದೇ ಒಂದು ಸದ್ದಿಗಾಗಿ ಹೆದರಿ ಕಾಯುತ್ತಿತ್ತು. ಗುಂಡು ಹಾರಿದರೆ ಒಬ್ಬ ಮುದುಕ ಸಾಯುತ್ತಾನೆ, ಅದೂ ಏನೂ ಕೇಳಿಸದ ಕೊಳವೆಯೊಂದನ್ನು ಹಿಡಿದುಕೊಂಡು.

ಮಾಳಿಗೆಯ ಮೇಲೆ ಬಸಂತರಾಯ ಬಂದೂಕು ಏರಿಸಿಯೇ ಕುಳಿತಿದ್ದ. ಜೋಳದ ನಡುವೆ ಖಂಡೆಪ್ಪನ ಬಿಳಿ ರುಮಾಲು ಅಲ್ಲಾಡುತ್ತಿತ್ತು.

“ಖಂಡೆಪ್ಪಾ! ಕೈಯಾಗಿಂದು ಕೆಳಗ ಇಡೋ!”

ಗಾಬರಿಗೊಂಡ ಖಂಡೆಪ್ಪ ಇಡುವುದರ ಬದಲು ಕೊಳವೆ ಸಮೇತ ಎದ್ದೇ ನಿಂತ. ಅದರ ತುದಿ ನೆಟ್ಟಗೆ ಮಾಳಿಗೆಯ ಕಡೆಗೆ ತಿರುಗಿತು. ರಾಚಪ್ಪನವರಿಗೆ ಯೋಚಿಸಲು ವೇಳೆಯಿರಲಿಲ್ಲ. ಜೋಳ ತುಳಿದುಕೊಂಡು ಓಡಿ ಅವನಿಗೆ ಅಡ್ಡವಾಗಿ, ಎರಡೂ ಕೈ ಎತ್ತಿ ನಿಂತುಬಿಟ್ಟರು.

“ಬಸಂತರಾಯ್ರ! ಅದು ಮೈಕ್ ಐತ್ರಿ! ಹೊಡದ್ರ ನನಗ ಬಡೀತೈತಿ!”

ಬಸಂತರಾಯ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಬಂದೂಕಿನ ನಳಿಗೆ ಕೆಳಗಿಳಿಯಿತು. ಆಗ ನೋಡಿ, ಸಾಹೇಬರು ಎತ್ತಿದ ಕೈ ಇಳಿಸಿದ್ದು.

ಖಂಡೆಪ್ಪನ ಬಂಧನವಾಯಿತು.

“ಯಾಕ ಕದ್ದಿ?”

“ಮಗಳ ಧ್ವನಿ ಕೇಳಾಕ್ರಿ. ಅಕಿ ಅದಾಳೋ ಇಲ್ಲೋ ಗೊತ್ತಿಲ್ರಿ.”

“ಏನ್ ಕೇಳಿತು?”

“ಏನಿಲ್ರಿ.” ಮುದುಕ ಮನೆಯ ಕಡೆ ಕೈ ಮಾಡಿದ. “ಹರದಾರಿ ದೂರದ್ದು ಕೇಳೂ ಕೊಳವಿ. ಅದಕ್ಕs ಕೇಳವಲ್ದು ಅಂದ್ರ ಮಗಳು ಹೋದ್ಲು ಅಂತ ತಿಳದೇನ್ರಿ.”

ಕೆಳಗಿಳಿದು ಬಂದ ಬಸಂತರಾಯ ಹಲ್ಲು ಕಡಿದ. “ಆರಾಮದಾಳ. ಆದ್ರ ಈ ಕಳ್ಳ ನನ್ನ ಹೊಸ್ತಿಲ ದಾಟಂಗಿಲ್ಲ.” ಖಂಡೆಪ್ಪ ಅವನ ಮಾತನ್ನು ನಂಬಲಿಲ್ಲ. ಇನ್ನೊಬ್ಬರ ಮನೆಯ ಹೊಸ್ತಿಲು ದಾಟಿಸುವ ಅಧಿಕಾರ ಯಾವ ಕಲಮಿನಲ್ಲೂ ರಾಚಪ್ಪನವರಿಗಿರಲಿಲ್ಲ. ಅವರು ಮನೆಯ ಹಿಂಬದಿ ನೋಡಿದರು. ಬಾಣಂತಿಯ ಕೋಣೆಯಿಂದ ಹೊಗೆ ಹೋಗಲೆಂದು ಸಣ್ಣ ಕಿಟಕಿ ತೆರೆದಿತ್ತು.

“ಪರಮಾನಂದ, ಜಪ್ತಿ ಮಾಡಿದ ಮಾಲು ಕೆಟ್ಟೈತೋ ಚಲೋ ಐತೋ, ಪಂಚರ ಸಮಕ್ಷಮ ನೋಡಬೇಕಾಗತೈತಿ. ಮಶೀನ್ ಹಚ್ಚು.”

ನಿಜಾಮುದ್ದೀನ ಕಕ್ಕಾಬಿಕ್ಕಿಯಾದ. “ಸಾಹೇಬ್ರ, ಕಳುವಿನ ಪಂಚನಾಮಿಯಾಗ ಹಿಂಗೂ ಬರತೈತೇನ್ರಿ?”

“ಇವತ್ತು ಬರತೈತಿ. ಸುಮ್ಮ ಬರಿ.”

ಪರಮಾನಂದ ತಂತಿ ಸಿಕ್ಕಿಸಿ ಕೊಳವೆಯನ್ನು ಕಿಟಕಿಯತ್ತ ಹಿಡಿದ. ರಾಚಪ್ಪನವರು ಹೆಡ್‌ಫೋನನ್ನು ಆರೋಪಿಯ ರುಮಾಲು ತೆಗೆಸಿ ಅವನ ಕಿವಿಗೇ ಹಾಕಿದರು. ಖಂಡೆಪ್ಪ ಕಣ್ಣು ಮುಚ್ಚಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ರಾಚಪ್ಪನವರು ಮತ್ತೊಮ್ಮೆ ಕಿಟಕಿಯತ್ತ ನೋಡಿದರು. ಊರ ಸುದ್ದಿಯೇ ನಿಜವಾಗಿದ್ದರೆ? ಈ ಮುದುಕನಿಗೆ ಅದನ್ನು ಕೇಳಿಸಿದ ಪಾಪ ಯಾರ ಮೇಲೆ?

ಸ್ವಲ್ಪ ಹೊತ್ತಿಗೆ ಮುದುಕ ಕಣ್ಣು ತೆರೆದ.

“ಕೂಸು ಅಳಾಕತ್ತೈತ್ರಿ.”

“ಮಗಳು?”

ಮುದುಕ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದ. ಆಮೇಲೆ ಖಂಡೆಪ್ಪ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕ. ನಗುತ್ತಿದ್ದಂತೆಯೇ ಕಣ್ಣೀರು ಗಡ್ಡಕ್ಕೆ ಇಳಿಯಿತು.

“ಬೈಯಾಕತ್ತಾಳ್ರೀ! ನೀರು ಕಾಸಾಕ ಇಷ್ಟೊತ್ತs ಅಂತ ಅತ್ತಿನ್ನ ಬೈಯಾಕತ್ತಾಳ! ನನ್ನ ಮಗಳs ರೀ, ಬ್ಯಾರೆ ಯಾರೂ ಅಲ್ಲ!”

ಬಸಂತರಾಯ ಮುಖ ಆಚೆ ತಿರುಗಿಸಿದ. ಖಂಡೆಪ್ಪ ಹೆಡ್‌ಫೋನ್ ತೆಗೆದು ಜೋಪಾನವಾಗಿ ಪರಮಾನಂದನ ಕೈಗೆ ಕೊಟ್ಟು, ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ.

“ಈಗ ಬೇಡಿ ಹಾಕ್ರಿ ಸಾಹೇಬ್ರ. ಎಲ್ಲಿಗೆ ಅಂತೀರಿ ಅಲ್ಲಿಗೆ ಬರ್ತೇನಿ.”

ಬೇಡಿ ಹಾಕಲಿಲ್ಲ. ಮಧ್ಯಾಹ್ನ ಎರಡಕ್ಕೆ ಜೀಪು ಠಾಣೆ ತಲುಪಿತು. ಬಂಧನದ ವರದಿ ಬರೆಯುತ್ತಿದ್ದ ನಿಜಾಮುದ್ದೀನ ಪೆನ್ನು ಎತ್ತಿ ಹಿಡಿದು ಕೇಳಿದ, “ಕಳುವಿಗೆ ಕಾರಣ ಏನಂತ ಬರೀಲ್ರಿ?”

ರಾಚಪ್ಪನವರು ಬೆಳಿಗ್ಗೆ ಬಿಟ್ಟುಹೋದ ಚಹಾದ ಕಪ್ಪನ್ನು ನೋಡಿದರು.

“ಮಗಳ ಬೈಗುಳ ಕೇಳಾಕ ಅಂತ ಬರಿ” ಎಂದರು. “ಮತ್ತ ಅವಗೊಂದು ಚಹಾ ತರಿಸು.”