ಕಾಲುವೆಯ ಆ ದಂಡೆ

ಹಿಂದೆ ಗಂಟೆ ಕೇಳಿಸಿತು. ನಾನು ಸೈಕಲ್ ಇಳಿದು, ದಾರಿ ಬಿಟ್ಟು ನಿಂತೆ.

ಯಾರೂ ಮುಂದೆ ಹೋಗಲಿಲ್ಲ. ಮುರುಮಿನ ಗರಸು ಹಾಸಿದ ದಾರಿ ಸಂಜೆಯ ಬೆಳಕಿನಲ್ಲಿ ಖಾಲಿ ಬಿದ್ದಿತ್ತು. ಒಂದು ಬದಿಗೆ ಎತ್ತರದ ಜೋಳ, ಇನ್ನೊಂದು ಬದಿಗೆ ನೀರಿಲ್ಲದ ಕಾಲುವೆ. ಬಹಳ ಹೊತ್ತಿನ ಮೇಲೆ ದಪ್ಪ ಗಾಲಿಯ ಸೈಕಲ್ಲಿನ ಮೇಲೆ ಒಬ್ಬ ಬಂದ. ಹುಬ್ಬಿನ ಮೇಲೆಲ್ಲ ಕೆಂಪು ಧೂಳು.

"ಗಂಟಿ ಹೊಡ್ದು ಇಷ್ಟೊತ್ತು ಎಲ್ಲಿದ್ರಿ? ದಾರಿ ಬಿಟ್ಟು ನಿಂತೀನಿ," ಎಂದೆ.

ಅವನು ತನ್ನ ಹ್ಯಾಂಡಲ್ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. "ನನ್ನ ಸೈಕಲ್ಲಿಗಿ ಗಂಟೀನೇ ಇಲ್ರಿ."

"ಕೇಳ್ಸಿತಲ್ಲ?"

"ಗಾಳಿ ಇರಬೇಕು." ನಕ್ಕ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು. "ಗಂಟಿ ಇಲ್ದೇ ದಾರಿ ಬಿಟ್ರಿ. ಇಷ್ಟು ಮರ್ಯಾದಿ ನನಗ ಫ್ರಾನ್ಸಿನಾಗೂ ಸಿಕ್ಕಿದ್ದಿಲ್ಲ."

ಅವನು ಉಮಾಕಾಂತ. ವಲಾಂಡಿ ಕಡೆಯ ಕುರುಬರ ಮನೆಯವನು, ಉದಗೀರದಲ್ಲಿ ಪಶುವೈದ್ಯ. ಕುರಿಗಳ ಬಗ್ಗೆ ಓದಲು ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಇದ್ದು ಬಂದಿದ್ದ. ಅಲ್ಲಿನ ಗೆಳೆಯರು ಇಲ್ಲಿ ಸೈಕಲ್ ತುಳಿಯಲು ಬರುವವರಿದ್ದರು. ಮಾಕಣಿ ಅಣೆಕಟ್ಟಿನಿಂದ ನಿಲಂಗಾದ ಕಡೆಗೆ, ಒಂದು ವಾಹನವೂ ಅಡ್ಡ ಬರದ ಮುರುಮಿನ ದಾರಿ ಹುಡುಕುತ್ತಿದ್ದ.

ನನಗೂ ಅಂಥ ದಾರಿಯೇ ಬೇಕಿತ್ತು. ನನ್ನ ಗಂಡ ವೈಜನಾಥ ಹೋದ ವರ್ಷ ತುರೋರಿಯ ಹೆದ್ದಾರಿಯಲ್ಲಿ ಲಾರಿಯ ಕೆಳಗೆ ಹೋದರು. ಅದಕ್ಕೆ ಸ್ವಲ್ಪ ದಿನ ಮೊದಲು ಅವರ ಸೈಕಲ್ಲಿನ ಹಿತ್ತಾಳೆ ಗಂಟೆ ಈ ದಾರಿಯಲ್ಲೇ ಕಳಚಿ ಬಿದ್ದಿತ್ತು. ಇಬ್ಬರೂ ಹುಡುಕಿದೆವು, ಸಿಗಲಿಲ್ಲ. ಅಂದು ಹೊಸದು ತರಲೆಂದೇ ಉಮರ್ಗಾ ಪೇಟೆಗೆ ಹೊರಟಿದ್ದರು. ಹಳೆಯದರ ಒಳಗೆ ಏನೋ ಸಡಿಲಾಗಿತ್ತು. ಗಾಲಿ ಗುಂಡಿಗಿಳಿದರೂ ತಾನೇ ಬಾರಿಸುತ್ತಿತ್ತು, ಒಮ್ಮೆ ಸಣ್ಣಗೆ, ಆಮೇಲೆ ಉದ್ದಕ್ಕೆ. ಹೊಲದಲ್ಲಿದ್ದ ನನಗೆ ಅವರು ಬರುವುದು ಅದರಿಂದಲೇ ಗೊತ್ತಾಗುತ್ತಿತ್ತು.

ಈಗ ಕೇಳಿದ್ದೂ ಅದೇ. ಸಣ್ಣಗೆ, ಆಮೇಲೆ ಉದ್ದಕ್ಕೆ. ಉಮಾಕಾಂತನಿಗೆ ಇದನ್ನು ಹೇಳಲಿಲ್ಲ.

ಅವನು ಮತ್ತೆ ಬಂದ. ನಮ್ಮ ಎಮ್ಮೆಗೆ ಜ್ವರವೆಂದು ಅತ್ತೆ ರಂಭಾಬಾಯಿಯೇ ಫೋನ್ ಮಾಡಿಸಿದ್ದರು. ಎಮ್ಮೆ ಗುಣವಾದ ಮೇಲೂ ಬಂದ.

"ಡಾಕ್ಟರ್ ಸಾಹೇಬ, ನಮ್ಮ ಎಮ್ಮಿ ನೋಡ್ಲಾಕ ಬರ್ತೀಯೋ, ಸೊಸಿ ಸೈಕಲ್ ನೋಡ್ಲಾಕ ಬರ್ತೀಯೋ?" ಅತ್ತೆ ಅಂಗಳದಿಂದಲೇ ಕೇಳಿದರು.

"ಎರಡಕ್ಕೂ ಹವಾ ಕಮ್ಮಿ ಆಗ್ಯಾದ ಆಯಿ," ಎಂದ. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ನಾನು ಕಾಲೇಜಿನಲ್ಲಿ ಪಾಠ ಹೇಳಿ ಬಂದ ಸಂಜೆಗಳಲ್ಲಿ ನಾವಿಬ್ಬರೂ ಕಾಲುವೆ ದಾರಿ ಹಿಡಿಯುತ್ತಿದ್ದೆವು. ಅವನು ನನ್ನ ವೇಗಕ್ಕೆ ಇಳಿದು ತುಳಿಯುತ್ತಿದ್ದ. ನಾನು ನೋಡದಿರುವಾಗ ನೋಡುತ್ತಿದ್ದ. ನಾನು ತಿರುಗಿದರೆ ತನ್ನ ಚೈನು ಪರೀಕ್ಷಿಸುತ್ತಿದ್ದ.

"ಚೈನಿನಾಗ ಏನದ ಅಷ್ಟು?"

"ಸದ್ದು ಮಾಡ್ಲತದ್ರಿ."

"ನಂಗೇನೂ ಕೇಳ್ಸೋದಿಲ್ಲ."

"ಅದು ನನಗಷ್ಟೇ ಕೇಳ್ಸೋ ಸದ್ದು." ಅವನ ಕಿವಿಗಳು ಕೆಂಪಾಗಿದ್ದವು.

ಫ್ರಾನ್ಸಿನಲ್ಲೂ ಕಾಲುವೆಯ ಪಕ್ಕ ಇಂಥದೇ ದಾರಿ ಇದೆಯಂತೆ. ವಾಹನ ಬಿಡುವುದಿಲ್ಲ. ಹಿಂದೆ ಕುದುರೆಗಳು ಆ ದಂಡೆಯ ಮೇಲೆ ನಡೆದು ದೋಣಿ ಎಳೆಯುತ್ತಿದ್ದವು. ಸೇತುವೆಯ ಕಲ್ಲುಗಳಲ್ಲಿ ಹಗ್ಗ ಉಜ್ಜಿದ ಗೀರು ಇನ್ನೂ ಇವೆ, ಬೆರಳು ಮುಳುಗುವಷ್ಟು ಆಳ.

"ಮಂಜಿನಾಗ ಒಬ್ಬನೇ ಹೋಗ್ಲತ್ತಿದ್ದೆ. ಹಿಂದ ಕುದುರಿ ಉಸಿರು ಬಿಟ್ಟಂಗಾಯ್ತು. ದಾರಿ ಬಿಟ್ಟು ನಿಂತೆ. ಏನೂ ಬರ್ಲಿಲ್ಲ. ಆದ್ರ ಹುಲ್ಲು ಬಗ್ಗಿತ್ತು ನೋಡ್ರಿ."

ಆಗಲೇ ಗಂಟೆ ಬಾರಿಸಿತು. ನಮ್ಮ ಕಾಲುವೆಯ ಆಚೆ ದಂಡೆಯ ಜೋಳದ ಒಳಗಿಂದ. ನಿಧಾನವಾಗಿ, ನಮ್ಮ ಜೊತೆಜೊತೆಗೇ ಸಾಗುತ್ತಿತ್ತು. ಧೂಳು ಏಳಲಿಲ್ಲ. ಗಾಳಿ ಇರಲಿಲ್ಲ. ತೆನೆಗಳು ಮಾತ್ರ ಒಂದರ ಹಿಂದೆ ಒಂದು ಅಲುಗಿದವು.

"ನಿಮಗ ಕೇಳ್ಸಿತಾ?"

ಉಮಾಕಾಂತ ಆ ಕಡೆ ನೋಡಿದ. ನನ್ನ ಮುಖ ನೋಡಿದ. "ಇಲ್ರಿ. ಏನು?"

ನಾನು ನಗುತ್ತಿದ್ದೆನೆಂದು ನನಗೇ ಆಗ ತಿಳಿಯಿತು. ಹಾಗಾದರೆ ಅದು ನನಗೊಬ್ಬಳಿಗೇ. ಕರೆಯುವವರು ಕರೆಯುತ್ತಿದ್ದಾರೆ, ಕೇಳಬೇಕಾದವಳಿಗೆ ಕೇಳುತ್ತಿದೆ. ಒಂದಲ್ಲ ಒಂದು ದಿನ ಹೋಗಬೇಕು.

ಆ ದಿನ ಮುಂದಿನ ವಾರವೇ ಬಂತು. ಹೊತ್ತು ಮುಳುಗಿದರೂ ಬೆಳಕು ಇನ್ನೂ ಉಳಿದಿತ್ತು. ಉಮಾಕಾಂತ ಸ್ವಲ್ಪ ಹಿಂದೆ ಬರುತ್ತಿದ್ದ. ಗಂಟೆ ಎಂದಿಗಿಂತ ಹತ್ತಿರ ಬಾರಿಸಿ, ನಿಂತಿತು. ಕಾಯುವವರು ನಿಂತ ಹಾಗೆ. ನಾನು ಸೈಕಲ್ ಒರಗಿಸಿ ಕಾಲುವೆಗೆ ಇಳಿದೆ.

ತಳದಲ್ಲಿ ಒಣ ಎಲೆ, ಒಡೆದ ಕೆಸರು. ನಡುವಿಗೆ ಬಂದಾಗ ಅಣೆಕಟ್ಟಿನ ಕಡೆಯಿಂದ ಇನ್ನೊಂದು ಸದ್ದು ಕೇಳಿಸಿತು. ಬಹಳ ಜನ ಒಣ ಎಲೆ ತುಳಿದು ಒಟ್ಟಿಗೆ ಬರುತ್ತಿರುವಂತೆ. ವೈಜನಾಥರೊಬ್ಬರೇ ಬರುತ್ತಿಲ್ಲ ಅನ್ನಿಸಿತು. ಹೆದರಿಕೆಯಾಗಲಿಲ್ಲ. ನಿಂತೆ.

"ನೀರ ಬಿಟ್ಟಾರ! ಮ್ಯಾಲ ಹತ್ರಿ!" ಉಮಾಕಾಂತ ದಂಡೆಯ ಮೇಲಿಂದ ಕೂಗಿದ.

ನಾನು ಕದಲಲಿಲ್ಲ.

"ಜಯಮಾಲಾ! ಅದು ಅವರಲ್ಲ! ಟಗರು! ನಮ್ಮ ಕಾಕಾನ ಟಗರಿನ ಕೊರಳಾಗಿನ ಗಂಟಿ ಅದು!"

ಯಾರೋ ನೆತ್ತಿಯ ಮೇಲೆ ಹೊಡೆದಂತಾಯಿತು. ಕಾಲುಗಳು ತಾವೇ ಓಡಿದವು, ಗಂಟೆಯಿದ್ದ ದಂಡೆಗೆ. ಹುಲ್ಲು ಹಿಡಿದು ಮೇಲೆ ಬಿದ್ದೆ. ಹಿಂದೆ ಮೊದಲ ನೀರು ನೊರೆ, ಎಲೆ, ಒಂದು ಚಪ್ಪಲಿ ತಳ್ಳಿಕೊಂಡು ಹಾದುಹೋಯಿತು.

ಜೋಳದಿಂದ ಟಗರು ಹೊರಬಂತು. ಹಣೆಗೆ ಭಂಡಾರದ ಅರಿಶಿನ, ಕೊರಳಿಗೆ ಕರಿ ದಾರ, ದಾರದಲ್ಲಿ ಹಿತ್ತಾಳೆ ಗಂಟೆ. ಹಳದಿ ಕಣ್ಣಿನ ಅಡ್ಡ ಗೆರೆಯಂಥ ಪಾಪೆಯಿಂದ ನನ್ನನ್ನು ನೋಡುತ್ತ ನಿಂತಿತು. ಹಿಂದೆ ಕುರಿಗಳು, ಅವುಗಳ ಹಿಂದೆ ಕಂಬಳಿ ಹೊದ್ದ ಮುದುಕ, ಉಮಾಕಾಂತನ ಕಾಕಾ ಅಮೋಘಸಿದ್ಧ.

"ಇದು ನಮ್ಮನಿಯವರ ಗಂಟಿ," ಎಂದೆ.

"ಹಿಂಡಿನ ದಾರ್ಯಾಗ ಸಿಕ್ಕಿದ್ದನ್ನ ನಾವು ಮನಿಗೆ ಒಯ್ಯೂದಿಲ್ಲ ತಂಗಿ. ಬೀರಪ್ಪ ದೇವರ ಟಗರಿಗಿ ಕಟ್ತೀವಿ. ಕಳಕೊಂಡವರು ಬಂದು ಕೇಳಿದ್ರ ಬಿಚ್ಚಿ ಕೊಡ್ತೀವಿ." ಮುದುಕ ದಾರಕ್ಕೆ ಕೈಹಾಕಿದ. "ಬಿಚ್ಚಲಾ?"

ಟಗರು ತಲೆ ಒದರಿತು. ಸಣ್ಣಗೆ, ಆಮೇಲೆ ಉದ್ದಕ್ಕೆ.

"ಬ್ಯಾಡ ಕಾಕಾ. ತಿರಗಲಿ."

ನೀರಿನಾಚೆ ಉಮಾಕಾಂತ ನಿಂತಿದ್ದ. ಅವನ ಎರಡೂ ಕೈಯಲ್ಲಿ ಸೈಕಲ್ಲುಗಳು, ಒಂದು ಅವನದು, ಒಂದು ನನ್ನದು.

"ನಿಮಗ ಗೊತ್ತಿತ್ತು!" ಕೂಗಿದೆ.

"ಗೊತ್ತಿತ್ತು! ನಿಮ್ಮನಿಯವರ ಗಂಟಿ ಕಥಿ ಆಯಿ ಹೇಳಿದ್ರು!"

"ಯಾಕ ಸುಳ್ಳ ಹೇಳಿದ್ರಿ?"

"ಆ ಗಂಟಿ ಕೇಳಿದಾಗ ಅಷ್ಟೇ ನೀವು ನಗತಿದ್ರಿ! ಟಗರು ಅಂದ್ರ ನಗೂದು ನಿಲ್ಲತಿತ್ತು, ನೀವು ಈ ದಾರಿಗಿ ಬರೂದೂ ನಿಲ್ಲತಿತ್ತು!"

"ನೀರಾಗ ಹೋಗ್ತಿದ್ದೆ!"

ಅವನು ತಲೆ ತಗ್ಗಿಸಿದ. ಆಮೇಲೆ ಅವನು ಕೂಗಿದ್ದು ಅಳುವಿನ ಹಾಗಿತ್ತು. "ಅದಕ್ಕ ಈಗ ಖರೇ ಹೇಳ್ತೀನಿ! ನನಗ ನೀವು ಬೇಕು! ನಿಮ್ಮ ದುಃಖಾ ಬಿಟ್ಟು ಬರ್ರಿ ಅನ್ನೂದಿಲ್ಲ, ಅದನ್ನೂ ಕರಕೊಂಡ ಬರ್ರಿ!"

"ಒದರಬ್ಯಾಡೋ ತಮ್ಮಾ," ಎಂದ ಅಮೋಘಸಿದ್ಧ. "ಕುರಿ ಬೆದರ್ಲತಾವ."

ದಾಟಲು ಮುಂದಿನ ಸೇತುವೆಯವರೆಗೆ ಹೋಗಬೇಕಿತ್ತು. ಈ ದಂಡೆಯಲ್ಲಿ ನಾನು, ಆ ದಂಡೆಯಲ್ಲಿ ಎರಡು ಸೈಕಲ್ ತಳ್ಳುತ್ತ ಅವನು. ನಡುವೆ ಕಪ್ಪು ನೀರು. ಕುರಿಗಳು ಹೊಲದ ಕಡೆ ತಿರುಗಿದವು. ಗಂಟೆ ದೂರವಾಯಿತು, ಇನ್ನೂ ದೂರವಾಯಿತು. ನಾನು ಹಿಂದೆ ನೋಡಲಿಲ್ಲ. ನೋಡಿದರೆ ಅಲ್ಲಿ ಕುರಿಗಳೇ ಇರುತ್ತವೆಂದು ನನಗೆ ಖಾತ್ರಿ ಇರಲಿಲ್ಲ.

ಸೇತುವೆಯ ಆ ತುದಿಯಲ್ಲಿ ಅವನು ನಿಂತ. ಮುಂದೆ ಬರಲಿಲ್ಲ, ಕೈ ಚಾಚಲಿಲ್ಲ, ಹೆಸರು ಹಿಡಿದು ಕೂಗಲಿಲ್ಲ. ಈ ತುದಿಯಿಂದ ನಮ್ಮ ಮನೆಗೆ ಕಾಲುದಾರಿ ಇತ್ತು. ಅದು ಅವನಿಗೂ ಗೊತ್ತಿತ್ತು.

ಯಾರೂ ಕರೆಯಲಿಲ್ಲ. ನಾನಾಗಿಯೇ ದಾಟಿದೆ.

"ಇನ್ನ ಮ್ಯಾಲ ನನಗ ಸುಳ್ಳ ಹೇಳಬ್ಯಾಡ್ರಿ."

"ಹೇಳೂದಿಲ್ಲ."

"ಈಗ ಅಂಜಿಕಿ ಆಗ್ಲತದೇನು?"

"ಭಾಳ."

"ನನಗೂ," ಎಂದೆ. ಬಹಳ ತಿಂಗಳ ಮೇಲೆ ನನಗೆ ಅಂಜಿಕೆಯಾದರೂ ಆಗುತ್ತಿತ್ತು. ಅವನ ಕೈಯಿಂದ ನನ್ನ ಸೈಕಲ್ ತೆಗೆದುಕೊಳ್ಳಲಿಲ್ಲ. ಆ ಕೈಯ ಮೇಲೆಯೇ ನನ್ನ ಕೈ ಇಟ್ಟೆ.